ದೂರು: ಬಳಸಿದ ಬ್ರೇಕ್ ಸಿಲಿಂಡರನ್ನು ‘ಹೊಸ ಒರಿಜಿನಲ್’ ಎಂದು ಮಾರಿದ ಬಗ್ಗೆ

ಇಂದ,
ಫಿಯಟ್ 1100 ಕಾರಿನ ಮಾಲೀಕ, ಮೈಸೂರು

ಗೆ,
ವ್ಯವಸ್ಥಾಪಕರು,
ಹಳೆಯ ಕಾರುಗಳ ಬಿಡಿಭಾಗಗಳ ಮಳಿಗೆ, ಬೆಂಗಳೂರು

ವಿಷಯ: ಫಿಯಟ್ 1100 ಕಾರಿನ ಬ್ರೇಕ್ ಮಾಸ್ಟರ್ ಸಿಲಿಂಡರಿಗೆ ಪಡೆದ ವಿಪರೀತ ಬೆಲೆ, ಬಿಲ್ಲು ಕೊಡಲು ಹಾಗೂ ಮಾಲು ಹಿಂಪಡೆಯಲು ನಿರಾಕರಣೆ.

ಮಾನ್ಯರೇ,

ನಿಮ್ಮಲ್ಲಿ ಕೊಂಡ ಈ ಸಿಲಿಂಡರನ್ನು ಹಿಂಪಡೆಯಿರಿ ಎಂದು ಫೋನಿನಲ್ಲಿ ಸೌಜನ್ಯದಿಂದ ಕೇಳಿದಾಗಲೆಲ್ಲ ‘ನೋಡೋಣ’, ‘ಯಜಮಾನರು ಊರಲ್ಲಿಲ್ಲ’ ಎಂಬ ಉತ್ತರವೇ ಬಂತು. ಕೊನೆಗೆ ಕಳೆದ ವಾರ ಖುದ್ದಾಗಿ ಬಂದಾಗ ನಿಮ್ಮ ಮಳಿಗೆಯಲ್ಲಿ ನನಗಾದ ಅನುಭವದ ನಂತರ ಇನ್ನು ಬಾಯಿಮಾತಿನಿಂದ ಪ್ರಯೋಜನವಿಲ್ಲವೆಂದು ಮನವರಿಕೆಯಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬೆಲೆ ಜಾಸ್ತಿ ಎಂಬುದಷ್ಟೇ ನನ್ನ ತಕರಾರಲ್ಲ. ನಮ್ಮ ತಂದೆಯವರು 1968ರಲ್ಲಿ ಕೊಂಡ ಕಾರನ್ನು ಇಂದಿಗೂ ಓಡುವ ಸ್ಥಿತಿಯಲ್ಲಿ ಇಟ್ಟುಕೊಂಡಿರುವ ನನಗೆ ಬಿಡಿಭಾಗಗಳ ಕೊರತೆ ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1974ರಿಂದ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಲ್ಲಿ ಮುಂದುವರಿದ ಈ ಕಾರಿನ ತಯಾರಿಕೆ 2000ದ ಸುಮಾರಿಗೆ ನಿಂತೇಹೋಯಿತು. ಆಮೇಲೂ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳು ಸಾವಿರಗಟ್ಟಲೆ ಓಡುತ್ತಿದ್ದುದರಿಂದ ಅವಕ್ಕಾಗಿ ಒಂದಿಷ್ಟು ಭಾಗಗಳು ಮಾರುಕಟ್ಟೆಗೆ ಬರುತ್ತಿದ್ದವು; 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆಯಿಂದ ಇಳಿದ ಮೇಲೆ ಆ ದಾರಿಯೂ ಮುಚ್ಚಿದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಮಾಲು ಇಟ್ಟುಕೊಂಡವರು ಅದಕ್ಕೆ ತಕ್ಕ ಬೆಲೆ ಕೇಳುವುದು ನ್ಯಾಯವೇ. ಜೋಪಾನವಾಗಿ ಕಾದಿಟ್ಟ ಅಸಲಿ ಭಾಗಕ್ಕೆ ನಾನು ಸಂತೋಷದಿಂದ ಹೆಚ್ಚು ಹಣ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ. ಆದರೆ ಹಾಗೆ ಕೊಡುವ ಹೆಚ್ಚಿನ ಹಣ ಅಸಲಿತನಕ್ಕೆ ಕೊಡುವ ಹಣ. ಅಸಲಿತನವೇ ಇಲ್ಲದಿದ್ದರೆ ಆ ಹಣವನ್ನು ನೀವು ಯಾವುದಕ್ಕೆ ಪಡೆದಿರಿ ಎಂಬುದೇ ನನ್ನ ಪ್ರಶ್ನೆ.

ಫೋನಿನಲ್ಲಿ ಈ ಸಿಲಿಂಡರಿಗೆ ರೂ. 9,000 ಎಂದು ಹೇಳಿದ ನಿಮ್ಮವರು, ನಾನು ಮೈಸೂರಿನಿಂದ ಹೊರಟು ಬಂದು ಕೌಂಟರಿನ ಮುಂದೆ ನಿಂತಾಗ ರೂ. 14,500 ಎಂದರು; ಹೈದರಾಬಾದಿನ ಗಿರಾಕಿಯೊಬ್ಬರು ಅಷ್ಟಕ್ಕೆ ಕೇಳುತ್ತಿದ್ದಾರೆ ಎಂಬುದು ಕಾರಣ. ಬ್ರೇಕಿಲ್ಲದೆ ಕಾರು ಶೆಡ್ಡಿನಲ್ಲಿ ನಿಂತಿದ್ದರಿಂದ ಒಪ್ಪಿದೆ. ‘ಕಂಪನಿ ಪ್ಯಾಕಿಂಗ್, ಒಮ್ಮೆಯೂ ಕೂಡಿಸಿದ್ದಲ್ಲ’ ಎಂಬ ಭರವಸೆಯೊಂದಿಗೆ ಪೆಟ್ಟಿಗೆ ಕೈಗೆ ಬಂತು. ಬಿಲ್ಲಿನ ಬದಲು ‘ಎಸ್ಟಿಮೇಟ್’ ಎಂದು ಬರೆದ ಬಿಳಿ ಚೀಟಿ ಬಂತು.

ಯಾವುದೇ ಹಳೆಯ ದಾಸ್ತಾನಿನ ಸಿಲಿಂಡರನ್ನು ಕೂಡಿಸುವ ಮುನ್ನ ಬಿಚ್ಚಿ, ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್‌ಗಳನ್ನು ಬದಲಿಸುವುದು ನಮ್ಮ ಮೆಕ್ಯಾನಿಕ್ಕರ ಪದ್ಧತಿ, ಏಕೆಂದರೆ ಬಳಸದೆ ಇಟ್ಟ ರಬ್ಬರೂ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಅವರು ಪಿಸ್ಟನ್ ಹೊರತೆಗೆದಾಗ ಅದರ ಹಿಂದೆಯೇ ಬ್ರೇಕ್ ಆಯಿಲಿನ ಕಪ್ಪು ಕೆಸರು ಬಂತು. ಟಾರ್ಚು ಹಿಡಿದು ನೋಡಿದರೆ ಒಳಗೋಡೆಯ ತುಂಬ ಸಣ್ಣ ಸಣ್ಣ ಗುಳಿಗಳಿದ್ದವು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಕಾರು ಬಹುಕಾಲ ನಿಂತರೆ ಆ ತೇವದಿಂದ ಸಿಲಿಂಡರಿನ ಒಳಗೆ ತುಕ್ಕು ಹಿಡಿಯುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಂದೂ ಕೂಡಿಸದ ಸಿಲಿಂಡರಿನಲ್ಲಿ ಆಯಿಲಿನ ಕೆಸರು ಎಲ್ಲಿಂದ ಬರಬೇಕು? ಹೊರಮೈಗೆ ಹೊಸ ಬಣ್ಣ ಬಳಿದಿದ್ದರೂ ಪೈಪು ಕೂಡಿಸುವ ಕಡೆ ಸ್ಪ್ಯಾನರಿನ ಹಳೆಯ ಗೀರುಗಳು ಹಾಗೆಯೇ ಇವೆ. ಪೆಟ್ಟಿಗೆಯ ಮೇಲೆ ಬೆಲೆ ಅಚ್ಚಾಗಿದ್ದ ಜಾಗವನ್ನು ಬ್ಲೇಡಿನಿಂದ ಕೆರೆಯಲಾಗಿದೆ. ಇವೆಲ್ಲದರ ಚಿತ್ರಗಳನ್ನು ಲಗತ್ತಿಸಿದ್ದೇನೆ. ನನ್ನ ಕಾರಿನಲ್ಲಿ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಗಳ ಬ್ರೇಕಿಗೆ ಆಯಿಲ್ ತಳ್ಳಲು ಇರುವುದು ಈ ಒಂದೇ ಸಿಲಿಂಡರು. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಅದು ಕೈಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಯೋಚಿಸಿ.

ಇದನ್ನು ಹಿಂತಿರುಗಿಸಲು ಬಂದ ದಿನ ಕೌಂಟರಿನಲ್ಲಿ ಇನ್ನೂ ನಾಲ್ಕೈದು ಜನ ಗಿರಾಕಿಗಳಿದ್ದರು. ನಿಮ್ಮ ಸಿಬ್ಬಂದಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿ, ನನ್ನ ನಂತರ ಬಂದವರಿಗೆ ಮಾಲು ಕೊಟ್ಟು, ಆಮೇಲೆ ತಲೆಯೆತ್ತಿ “ಮತ್ತೇನು ಸಾರ್?” ಎಂದರು. ಪೆಟ್ಟಿಗೆ ತೆರೆದು ತೋರಿಸಿದೆ. “ಬಿಚ್ಚಿದ ಮಾಲು ವಾಪಸ್ ಇಲ್ಲ” ಎಂದರು. ಬಿಚ್ಚದೆ ಒಳಗಿನ ತುಕ್ಕು ಕಾಣುವುದು ಹೇಗೆ ಎಂದೆ. “ಐವತ್ತು ವರ್ಷದ ಮಾಲು ಇನ್ನು ಹೇಗಿರುತ್ತೆ?” ಎಂದರು. ಹಾಗಿದ್ದರೆ ಹೊಸದೆಂದು ಏಕೆ ಮಾರಿದಿರಿ, ಕನಿಷ್ಠ ಬಿಲ್ಲನ್ನಾದರೂ ಕೊಡಿ ಎಂದಾಗ ಅವರು ಉಳಿದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, “ನೋಡಿ, ಫಿಯಟ್ ಇಟ್ಕೊಳೋ ಶೋಕಿ ಇದೆ, ಕಾಸು ಬಿಚ್ಚೋಕೆ ಮನಸ್ಸಿಲ್ಲ. ಆಗಲ್ಲ ಅಂದ್ರೆ ಗುಜರಿಗೆ ಹಾಕಿ ಸಾರ್, ತೂಕಕ್ಕೆ ನಾವೇ ತಗೋತೀವಿ” ಎಂದರು. ಇಬ್ಬರು ನಕ್ಕರು. ಗಾಜಿನ ಕೋಣೆಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ತಾವು ಎದ್ದು ಬರಲಿಲ್ಲ. ನನ್ನ ವಯಸ್ಸು ಎಪ್ಪತ್ತರ ಹತ್ತಿರ. ನಮ್ಮ ತಂದೆಯವರು ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಕಾರನ್ನು ತೂಕಕ್ಕೆ ಕೇಳುವ ಅಧಿಕಾರವನ್ನು ನಿಮ್ಮ ಸಿಬ್ಬಂದಿಗೆ ಯಾರು ಕೊಟ್ಟರು? ಬಿಲ್ಲು ಕೇಳುವವರಿಗೆ ಇಂಥ ಮರ್ಯಾದೆ ನಡೆಯುತ್ತದೆ ಎಂಬುದನ್ನು ನಿಮ್ಮ ಗೋಡೆಯ ಮೇಲಿನ ‘ಗ್ರಾಹಕರೇ ದೇವರು’ ಎಂಬ ಫಲಕದ ಕೆಳಗೆ ಬರೆಸಿಬಿಡಿ.

ಅದೇ ಗೋಡೆಯ ಮೇಲೆ, ದೋಷವಿರುವ ಒರಿಜಿನಲ್ ಭಾಗಗಳನ್ನು 15 ದಿನಗಳೊಳಗೆ ಹಿಂಪಡೆಯಲಾಗುವುದು ಎಂಬ ನಿಮ್ಮದೇ ನಿಯಮವೂ ಇದೆ. ನಾನು ಆ ಅವಧಿಯೊಳಗೇ ಬಂದಿದ್ದೆ. ಕಾನೂನನ್ನೂ ನೆನಪಿಸುತ್ತೇನೆ. ರಿಪೇರಿ ಮಾಡಿದ ಅಥವಾ ಬಳಸಿದ ವಸ್ತುವನ್ನು ಹೊಸದೆಂದು ಮಾರುವುದು, ಬಿಲ್ಲು ಕೊಡದಿರುವುದು, ದೋಷವುಳ್ಳ ಮಾಲನ್ನು ಹಿಂಪಡೆಯಲು ನಿರಾಕರಿಸುವುದು ಈ ಮೂರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ತಯಾರಕರು ಅಚ್ಚು ಹಾಕಿದ ಬೆಲೆಯನ್ನು ಅಳಿಸುವುದನ್ನು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳ) ನಿಯಮಗಳು ನಿಷೇಧಿಸುತ್ತವೆ.

ಈ ಪತ್ರ ತಲುಪಿದ 15 ದಿನಗಳೊಳಗೆ ರೂ. 14,500 ನನ್ನ ಖಾತೆಗೆ ಜಮೆಯಾಗಬೇಕು; ಯುಪಿಐ ಪಾವತಿಯ ವಿವರ ಲಗತ್ತಿನಲ್ಲಿದೆ. ಬದಲಿ ಮಾಲು ನನಗೆ ಬೇಡ, ನಿಮ್ಮ ಪೆಟ್ಟಿಗೆಗಳ ಮೇಲೆ ನನಗೆ ನಂಬಿಕೆ ಉಳಿದಿಲ್ಲ. ತಪ್ಪಿದರೆ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವು ಬಂದು ಉತ್ತರ ಹೇಳಬೇಕಾಗುತ್ತದೆ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ನಿವೃತ್ತನಾದ ನನಗೆ ಸಮಯಕ್ಕೂ ಕೊರತೆಯಿಲ್ಲ. ಕೆರೆದ ಪೆಟ್ಟಿಗೆಯ ಚಿತ್ರ ಕಾನೂನು ಮಾಪನಶಾಸ್ತ್ರ ಇಲಾಖೆಗೂ, ಎಸ್ಟಿಮೇಟ್ ಚೀಟಿ ವಾಣಿಜ್ಯ ತೆರಿಗೆ ಇಲಾಖೆಗೂ ಹೋಗುತ್ತವೆ. ಹಳೆಯ ಫಿಯಟ್, ಅಂಬಾಸಿಡರ್, ಹೆರಾಲ್ಡ್ ಕಾರುಗಳನ್ನು ಇಟ್ಟುಕೊಂಡಿರುವ, ನನಗೆ ಪರಿಚಯವಿರುವ ಪ್ರತಿಯೊಬ್ಬರಿಗೂ ಈ ಪತ್ರದ ಪ್ರತಿ ತಲುಪುತ್ತದೆ. ಅವಧಿ ಮುಗಿದ ಮೇಲೆ ನೀವು ಹಣ ಮರಳಿಸಿದರೂ ಇವುಗಳಲ್ಲಿ ಒಂದನ್ನೂ ನಾನು ಹಿಂಪಡೆಯುವುದಿಲ್ಲ.

ಇಂತಿ,
ಫಿಯಟ್ 1100 ಕಾರಿನ ಮಾಲೀಕ
ಮೈಸೂರು

ಲಗತ್ತು: ಎಸ್ಟಿಮೇಟ್ ಚೀಟಿಯ ಪ್ರತಿ, ಪಾವತಿಯ ವಿವರ, ಸಿಲಿಂಡರ್ ಮತ್ತು ಪೆಟ್ಟಿಗೆಯ ಚಿತ್ರಗಳು