ಗೋಲು ಹೊಡೆಯದವರನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾಪುಟದಲ್ಲಿ ಸದಾ ಗೋಲು ಹೊಡೆದವನದೇ ಚಿತ್ರ. ಕ್ರೊಯೇಷಿಯಾದ ಫುಟ್‌ಬಾಲ್ ಆಟಗಾರ ಲೂಕಾ ಮೊಡ್ರಿಚ್ ಅವರನ್ನು ನೋಡಿ. ಯುದ್ಧದಲ್ಲಿ ಮನೆ ಕಳೆದುಕೊಂಡು ಝಾದರ್ ಪಟ್ಟಣದ ಹೋಟೆಲಿನಲ್ಲಿ ನಿರಾಶ್ರಿತನಾಗಿ ಬೆಳೆದ ಹುಡುಗ. 2012ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ ಸೇರಿ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು ಆರು ಬಾರಿ ಗೆದ್ದರು. ಮೆಸ್ಸಿ, ರೊನಾಲ್ಡೊ ಇಬ್ಬರೇ ಹತ್ತು ವರ್ಷ ಹಂಚಿಕೊಂಡಿದ್ದ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ 2018ರಲ್ಲಿ ಮೈದಾನದ ನಡುವೆ ಆಡುವ ಈ ಮಿಡ್‌ಫೀಲ್ಡರ್ ಪಾಲಾಯಿತು. 2022ರಲ್ಲಿ ಚೆಲ್ಸಿ ವಿರುದ್ಧ ಪಾದದ ಹೊರಬದಿಯಿಂದ ಸಹ ಆಟಗಾರ ರೊಡ್ರಿಗೊಗೆ ಕೊಟ್ಟ ಆ ಪಾಸ್! ಗೋಲಿಗಿಂತ ಅದೇ ಚೆಂದ, ಯಾರು ಏನೇ ಹೇಳಲಿ.

ನಮ್ಮ ಮಾಲಾದೇವಿ ಮೈದಾನದಲ್ಲಿ ಹುಡುಗರೆಲ್ಲರಿಗೂ ಮುಂದೆಯೇ ಆಡಬೇಕು. ನಡುವೆ ನಿಲ್ಲು ಎಂದರೆ ನನ್ನ ಮೊಮ್ಮಗನೂ ಮುಖ ಊದಿಸುತ್ತಾನೆ. ಜಿಲ್ಲೆಯ ಪಂದ್ಯಗಳ ವರದಿಯಲ್ಲಾದರೂ ಪಾಸ್ ಕೊಟ್ಟವನ ಹೆಸರು ಹಾಕಿಸಿ.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕೋಡಿಬಾಗ, ಕಾರವಾರ