ಟೊಳ್ಳು ಹೊಟ್ಟೆಯ ಗಿಟಾರೂ ನನ್ನ ಋಣದ ಲೆಕ್ಕವೂ

ಮೊನ್ನೆ ಗಣೇಶೋತ್ಸವದ ಪೆಂಡಾಲಿನಲ್ಲಿ ನಮ್ಮ ಆರ್ಕೆಸ್ಟ್ರಾ ಮುಗಿದ ಮೇಲೆ ಸ್ಟೇಜಿನ ಹತ್ತಿರ ಬಂದವರಲ್ಲಿ ಅರ್ಧ ಜನ "ಭುಜ ಹೇಗಿದೆ?" ಅಂದರು. ಇನ್ನರ್ಧ ಜನ "ಇದ್ಯಾವ ಗಿಟಾರು ಮಾರಾಯಾ, ಪಿಟೀಲಿಗಿದ್ದಂತೆ ಎರಡು ತೂತು ಇದೆಯಲ್ಲ?" ಅಂದರು. ಗಲಾಟೆಯಲ್ಲಿ ಯಾರಿಗೂ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಥ್ಯಾಂಕ್ಸ್ ಹೇಳಬೇಕಾದವರೂ ಬಹಳ ಮಂದಿ ಇದ್ದಾರೆ. ಎರಡನ್ನೂ ಇಲ್ಲೇ ಒಟ್ಟಿಗೆ ಮುಗಿಸುತ್ತೇನೆ.

ಭುಜದ ವಿಷಯ ಮೊದಲು. ಅದರ ಹೆಸರು ಫ್ರೋಜನ್ ಶೋಲ್ಡರ್. ಕೀಲಿನ ಸುತ್ತ ಇರುವ ಚೀಲದಂಥ ಪದರ ಉರಿಯೂತದಿಂದ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ನಲವತ್ತರಿಂದ ಅರವತ್ತರೊಳಗಿನವರಿಗೆ, ಅದರಲ್ಲೂ ನನ್ನ ಹಾಗೆ ಶುಗರ್ ಇರುವವರಿಗೆ ಇದು ಜಾಸ್ತಿ. ಮೊದಲು ನೋವು, ಆಮೇಲೆ ಬಿಗಿತ, ಆಮೇಲೆ ನಿಧಾನಕ್ಕೆ ಸಡಿಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ನನಗೆ ಬಂದದ್ದು ಎಡಗಡೆಗೆ. ಅಂಗಿಯ ತೋಳು ತೂರಿಸಲು ಮನೆಯವಳನ್ನು ಕೂಗಬೇಕಿತ್ತು, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಅದೆಲ್ಲ ಸಹಿಸಬಹುದಿತ್ತು. ಗಿಟಾರ್ ನುಡಿಸುವವನಿಗೆ ಎಡಭುಜವೆಂದರೆ ಪಟ್ಟಿ ನೇತುಹಾಕುವ ಜಾಗ. ಕುತ್ತಿಗೆಯ ಆಚೆ ತುದಿಯ ಮೊದಲನೇ ಫ್ರೆಟ್ (ಬೆರಳೊತ್ತುವ ಜಾಗ ಗುರುತಿಸುವ ಲೋಹದ ಗೆರೆ) ಮುಟ್ಟಲು ತೋಳನ್ನು ಹೊರಕ್ಕೆ ತಿರುಗಿಸಿ ಚಾಚಬೇಕು, ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದೇ ಆ ತಿರುಗು. ಅಲ್ಲೇ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಎಫ್ ಕಾರ್ಡ್ ಹಿಡಿಯಲು ಹೋದರೆ ಮೊಣಕೈ ಪಕ್ಕೆಗೆ ಅಂಟಿಕೊಂಡೇ ಇರುತ್ತಿತ್ತು.

ಆಗ ನನ್ನ ಬಳಿ ಇದ್ದದ್ದು ಲೆಸ್ ಪಾಲ್ ಮಾದರಿಯ ಗಟ್ಟಿ ಮರದ ಗಿಟಾರ್. ನಾಲ್ಕು ಕಿಲೋ ದಾಟುತ್ತದೆ. ಪೆಂಡಾಲಿನಲ್ಲಿ ಮೂರು ತಾಸು ಅದನ್ನು ಹೊತ್ತು ನಿಲ್ಲುವ ಮಾತು ಹಾಗಿರಲಿ, ಸೋಫಾದಲ್ಲಿ ಕೂತು ಹತ್ತು ನಿಮಿಷ ಹಿಡಿದುಕೊಂಡರೂ ರಾತ್ರಿ ನಿದ್ದೆ ಇಲ್ಲ.

ಮೊದಲ ಕೃತಜ್ಞತೆ ನಮ್ಮೂರಿನ ಫಿಸಿಯೋಥೆರಪಿಸ್ಟ್ ಹುಡುಗಿಗೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ಬಾಕಿಯವರೆಲ್ಲ "ಸ್ವಲ್ಪ ದಿನ ಬಿಟ್ಟುಬಿಡಿ ಸಾರ್" ಅಂದಾಗ ಇವಳೊಬ್ಬಳು "ಗಿಟಾರ್ ಕ್ಲಿನಿಕ್ಕಿಗೇ ತನ್ನಿ, ನೋಡೋಣ" ಅಂದಳು. ತಂದೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದಿನಿಂದ, ಪಕ್ಕದಿಂದ, ಎದುರಿನಿಂದ ನೋಡಿದಳು. ಎರಡೇ ಮಾತು ಹೇಳಿದಳು: "ಭಾರ ಇಳಿಸಿ, ಮತ್ತೆ ಆ ಕಡೆಯ ತುದಿಯನ್ನ ನಿಮ್ಮ ಹತ್ತಿರಕ್ಕೆ ತನ್ನಿ." ಗಿಟಾರಿನ ಗಂಧಗಾಳಿ ಇಲ್ಲದ ಹುಡುಗಿ ಹೇಳಿದ ಆ ಎರಡು ಮಾತು ಹಿಡಿದುಕೊಂಡೇ ನಾವು ಹುಡುಕಲು ಹೊರಟದ್ದು. ಗೋಡೆಯ ಮೇಲೆ ಬೆರಳು ನಡೆಸುವ ವ್ಯಾಯಾಮ, ಬಾಗಿಲಿಗೆ ಕಟ್ಟಿದ ರಾಟೆಯ ಹಗ್ಗ, ಇವೆಲ್ಲ ಜೊತೆಜೊತೆಗೇ ನಡೆದವು, ಇನ್ನೂ ನಡೆಯುತ್ತಿವೆ.

ಭಾರ ಇಳಿಸಬೇಕೆಂದರೆ ಟೊಳ್ಳು ಬೇಕು. ಹಾಲೊ-ಬಾಡಿ, ಅಂದರೆ ಟೊಳ್ಳು ಮೈಯ, ಎಲೆಕ್ಟ್ರಿಕ್ ಗಿಟಾರ್ ಹೊಸ ಸಂಗತಿಯೇನಲ್ಲ. ಎಲೆಕ್ಟ್ರಿಕ್ ಗಿಟಾರ್ ಜನರ ಕೈಗೆ ಬಂದದ್ದೇ ಬಹುಪಾಲು ಆ ರೂಪದಲ್ಲಿ. 1936ರಲ್ಲಿ ಗಿಬ್ಸನ್ ಕಂಪನಿ ತಂದ ಇಎಸ್-150 ಅಂದರೆ ಪಿಟೀಲಿನಂತೆ ಉಬ್ಬಿದ ಮೈಯ ಗಿಟಾರಿಗೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಒಂದನ್ನು ಕೂರಿಸಿದ್ದು. ಅಮೆರಿಕದ ಗಿಟಾರಿಸ್ಟ್ ಚಾರ್ಲಿ ಕ್ರಿಶ್ಚಿಯನ್ ಅದನ್ನೇ ಹಿಡಿದು ಜಾಝ್ ಬ್ಯಾಂಡಿನ ತುತ್ತೂರಿಗಳ ನಡುವೆ ಗಿಟಾರಿಗೂ ಮಾತಾಡುವ ಜಾಗ ಮಾಡಿಕೊಟ್ಟ. ನನ್ನ ಹಳೆಯ ಆಸೆ 1949ರಲ್ಲಿ ಬಂದ ಇಎಸ್-175ರ ಥರದ್ದೊಂದು ದಪ್ಪ ಹೊಟ್ಟೆಯ ಗಿಟಾರಿನ ಮೇಲಿತ್ತು. ಆದರೆ ಅದರ ಮೈ ಮೂರು ಇಂಚಿಗಿಂತ ಆಳ. ತಬ್ಬಿ ಹಿಡಿಯಲು ಎರಡು ಭುಜವೂ ನೆಟ್ಟಗಿರಬೇಕು. ನಡುವೆ ಮರದ ತುಂಡು ಕೂರಿಸಿದ ಅರೆಟೊಳ್ಳಿನ ಗಿಟಾರುಗಳೂ ಇವೆ, ಅವು ಮತ್ತೆ ಭಾರ.

ಕೊನೆಗೆ ನಮ್ಮ ಕೀಬೋರ್ಡಿನವನು ಹುಡುಕಿ ತೋರಿಸಿದ್ದು ಎಪಿಫೋನ್ ಕ್ಯಾಸಿನೊ. 1961ರಿಂದ ಇರುವ ಮಾದರಿ. ಮೈ ತೆಳ್ಳಗೆ, ಒಳಗೆ ಪೂರ್ತಿ ಟೊಳ್ಳು, ತೂಕ ಮೂರು ಕಿಲೋದ ಒಳಗೆ. ಬೀಟಲ್ಸ್ ಗುಂಪಿನ ಮೂವರ ಹತ್ತಿರವೂ ಇದು ಇತ್ತು. 1969ರ ಜನವರಿ 30ರಂದು ಲಂಡನ್ನಿನ ತಾರಸಿಯ ಮೇಲೆ ಜಾನ್ ಲೆನನ್ ನುಡಿಸಿದ್ದು ಬಣ್ಣ ಕೆರೆದು ಬರೀ ಮರ ಉಳಿಸಿಕೊಂಡಿದ್ದ ತನ್ನ ಕ್ಯಾಸಿನೊವನ್ನೇ. ಆದರೆ ನಾನು ಮಾರುಹೋದದ್ದು ಲೆನನ್ನಿಗಲ್ಲ. ಇದರ ಕುತ್ತಿಗೆ ಹದಿನಾರನೇ ಫ್ರೆಟ್ಟಿನ ಹತ್ತಿರವೇ ಮೈಗೆ ಕೂಡಿಕೊಳ್ಳುತ್ತದೆ. ಸೋಲೋ ನುಡಿಸುವವರು ಇದೊಂದನ್ನೇ ಹಿಡಿದು ದೂರುತ್ತಾರೆ: ಮೇಲಿನ ಫ್ರೆಟ್ಟುಗಳಿಗೆ ಕೈ ಹೋಗುವುದಿಲ್ಲ, ಇದೂ ಒಂದು ಗಿಟಾರೇ ಅಂತ. ಆದರೆ ಕುತ್ತಿಗೆ ಅಷ್ಟು ಒಳಕ್ಕೆ ಸರಿದಿದೆ ಅಂದರೆ ಮೊದಲನೇ ಫ್ರೆಟ್ಟೂ ಅಷ್ಟೇ ನನ್ನ ಕಡೆಗೆ ಸರಿದಿದೆ ಎಂದರ್ಥ! ಜೊತೆಗೆ ತಂತಿಯ ಉದ್ದ 24.75 ಇಂಚು, ಫೆಂಡರ್ ಕಂಪನಿಯ ಗಿಟಾರುಗಳಿಗಿಂತ ಮುಕ್ಕಾಲು ಇಂಚು ಕಡಿಮೆ, ಹಾಗಾಗಿ ಎಳೆತವೂ ಕಡಿಮೆ. ಊರಿಗೆಲ್ಲ ಕೊರತೆ ಅನಿಸಿದ್ದು ನನ್ನ ಭುಜಕ್ಕೆ ಹೇಳಿ ಮಾಡಿಸಿದಂತಿತ್ತು. ಹದಿನೇಳನೇ ಫ್ರೆಟ್ಟಿನಾಚೆ ನನಗೆ ಅಂಥಾ ವ್ಯವಹಾರವೇನೂ ಇಲ್ಲ.

ದುಡ್ಡಿನ ಮಾತು. ಆಸ್ಪತ್ರೆ, ಫಿಸಿಯೋ ಎಂದು ಕೈ ಖಾಲಿಯಾಗಿದ್ದ ಸಮಯ ಅದು. ನಮ್ಮ ಆರ್ಕೆಸ್ಟ್ರಾದವರೇ ಸೇರಿ ಹಾಕುವ ಚೀಟಿಯೊಂದಿದೆ. ಆ ತಿಂಗಳು ಎತ್ತುವ ಸರದಿ ರಿದಂ ಪ್ಯಾಡ್ ನುಡಿಸುವವನದ್ದು. ಮಗಳ ಕಾಲೇಜಿನ ಫೀಸಿಗೆಂದು ಕಾದಿದ್ದ. "ಫೀಸಿಗೆ ಇನ್ನೂ ಟೈಮಿದೆ, ನೀನು ಎತ್ತಿಕೋ" ಅಂದ. ಅಷ್ಟೇ. ಇನ್ನೊಂದು ಮಾತಾಡಲಿಲ್ಲ, ನನಗೂ ಮಾತಾಡಲು ಬಿಡಲಿಲ್ಲ. ಅಷ್ಟು ತಿಂಗಳೂ ನನ್ನ ಜಾಗಕ್ಕೆ ಬೇರೆ ಗಿಟಾರಿಸ್ಟನ್ನು ಖಾಯಂ ಮಾಡದೆ, ಒಬ್ಬೊಬ್ಬರನ್ನು ಕಾಡಿಬೇಡಿ ಕರೆಸಿ ಕಾರ್ಯಕ್ರಮ ದಾಟಿಸಿದ್ದೂ ಇದೇ ಗುಂಪು. ಹಾಡುವ ಅಕ್ಕನಂತೂ ಎರಡು ಕಡೆ ಗಿಟಾರ್ ತುಣುಕನ್ನು ಬಾಯಲ್ಲೇ ಹಾಡಿಬಿಟ್ಟರಂತೆ. ನಾನು ಕೇಳಿಲ್ಲ; ಕೇಳಿದವರು ಒಳ್ಳೆಯದೇ ಹೇಳಿದ್ದಾರೆ.

ಪೆಟ್ಟಿಗೆ ಬಂತು, ಬಿಚ್ಚಿದೆವು, ಕೇಬಲ್ ಚುಚ್ಚಿದೆವು, ಸದ್ದಿಲ್ಲ. ದಾರಿಯ ಕುಲುಕಾಟಕ್ಕೆ ನಟ್ಟು ಸಡಿಲವಾಗಿ ಜ್ಯಾಕ್ (ಕೇಬಲ್ ಚುಚ್ಚುವ ಭಾಗ) ಹೊಟ್ಟೆಯೊಳಗೆ ಬಿದ್ದಿತ್ತು. ಗಟ್ಟಿ ಗಿಟಾರಾದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ಕೆಲಸವಾಯಿತು. ಇದಕ್ಕೆ ಹಿಂದೆ ಮುಚ್ಚಳವೇ ಇಲ್ಲ. ಒಳಗಿನ ವೈರು, ವಾಲ್ಯೂಮ್ ಕಂಟ್ರೋಲ್ ಎಲ್ಲವೂ ಆ ಎಫ್ ಆಕಾರದ ತೂತಿನಿಂದಲೇ ಹೊರಗೆ ಬರಬೇಕು, ಅಲ್ಲಿಂದಲೇ ಒಳಗೆ ಹೋಗಬೇಕು. ಅಂಗಡಿಯವರು ವಾಪಸ್ ಕಳಿಸಿ ಅಂದರು. ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಹಳೆಯ ರೇಡಿಯೋ ರಿಪೇರಿಯ ಹಿರಿಯರ ಹತ್ತಿರ ಒಯ್ದೆ. ಅವರು ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ ನಕ್ಕರು. ಜ್ಯಾಕಿನ ರಂಧ್ರದಿಂದ ಮೀನಿನ ಗಾಳದ ದಾರ ಇಳಿಸಿ, ಎಫ್ ತೂತಿನಿಂದ ಅದರ ತುದಿಯನ್ನು ಕೊಕ್ಕೆಯಲ್ಲಿ ಈಚೆಗೆ ಎಳೆದು, ಜ್ಯಾಕನ್ನೂ ಅದೇ ತೂತಿನಿಂದ ಹೊರತಂದು ದಾರಕ್ಕೆ ಕಟ್ಟಿ, ಮತ್ತೆ ಒಳಗೆ ಬಿಟ್ಟು ಮೇಲಿನಿಂದ ಮೆಲ್ಲಗೆ ಎಳೆದರು. ಜ್ಯಾಕಿನ ಮೂತಿ ರಂಧ್ರದಲ್ಲಿ ಕಾಣಿಸಿಕೊಂಡಿತು. ಇನ್ನು ತಿರುಗದಿರಲಿ ಎಂದು ಹಲ್ಲಿನ ವಾಷರ್ ಹಾಕಿಯೇ ನಟ್ಟು ಬಿಗಿದರು. ಎಷ್ಟು ಕೊಡಲಿ ಎಂದರೆ "ಒಂದು ಪಿ.ಬಿ. ಶ್ರೀನಿವಾಸ್ ನುಡಿಸಿ ಹೋಗಿ" ಅಂದರು. ನುಡಿಸಿದೆ, ಬಿಗಿದ ಭುಜದಲ್ಲೇ. ಅವರ ಮುಂದೆ ನುಡಿಸಿದ್ದೇ ಈ ಗಿಟಾರಿನ ಮೊದಲ ಕಚೇರಿ ಎಂದು ದಾಖಲಾಗಲಿ.

ಮನೆಗೆ ತಂದು ಆಂಪಿಗೆ (ಸದ್ದು ಹಿಗ್ಗಿಸುವ ಪೆಟ್ಟಿಗೆಗೆ) ಹಾಕಿದರೆ ಹೂಂಕಾರ. ಇದರ ಪಿ-90 ಪಿಕಪ್ಪುಗಳು ಒಂದೇ ಸುರುಳಿಯವು, ಸ್ವಲ್ಪ ಗುಂಯ್‌ಗುಟ್ಟುವುದು ಅವುಗಳ ಹುಟ್ಟುಗುಣ. ಆದರೆ ಇದು ಹುಟ್ಟುಗುಣಕ್ಕಿಂತ ಜಾಸ್ತಿ ಇತ್ತು, ತಂತಿ ಮುಟ್ಟಿದರೆ ಸಣ್ಣಗೆ ಜುಮ್ಮೆನ್ನುತ್ತಿತ್ತು. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ಸಾಕೆಟ್ ಬಿಚ್ಚಿ ತೋರಿಸಿದ: ಮೂರು ಪಿನ್ನಿನ ಸಾಕೆಟ್ಟೇ, ಆದರೆ ಅರ್ಥಿನ ವೈರು ಎಲ್ಲಿಗೂ ಸೇರಿಲ್ಲ, ಗೋಡೆಯೊಳಗೆ ಸುಮ್ಮನೆ ಮಲಗಿದೆ. ಅದನ್ನು ಸರಿಮಾಡಿದ ಮೇಲೆ ಜುಮ್ಮೂ ಇಲ್ಲ, ಗುಂಯ್ ಕೂಡ ಮುಕ್ಕಾಲುಪಾಲು ಇಲ್ಲ. ಗಿಟಾರ್, ಆಂಪ್ ಇರುವ ಮನೆಯವರು ದಯವಿಟ್ಟು ನಾಳೆಯೇ ಅರ್ಥಿಂಗ್ ನೋಡಿಸಿಕೊಳ್ಳಿ. ಅದು ಬರೀ ಸದ್ದಿನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಇನ್ನು ನುಡಿಸುವ ಸುಖ. ಅದನ್ನು ಬರೆಯಲು ಹೊರಟರೆ ಮುಗಿಯುವುದಿಲ್ಲ. ಆಂಪ್ ಇಲ್ಲದೆಯೂ ಇದು ಮಾತಾಡುತ್ತದೆ. ಡಬ್ಬಾ (ಅಕೂಸ್ಟಿಕ್) ಗಿಟಾರಿನಷ್ಟು ಜೋರಲ್ಲ, ಗಟ್ಟಿ ಗಿಟಾರಿನಷ್ಟು ಮೂಕವಲ್ಲ. ಮನೆಯವಳು ಸೀರಿಯಲ್ ನೋಡುತ್ತಿದ್ದರೂ ಅದೇ ಕೋಣೆಯಲ್ಲಿ ಕೂತು ನುಡಿಸಬಹುದು; ರಿಮೋಟ್ ಎತ್ತಿ ಸೌಂಡ್ ಏರಿಸಿಲ್ಲ ಎಂದರೆ ಒಪ್ಪಿಗೆ ಎಂದೇ ಲೆಕ್ಕ. ಜಾಝ್ ಗಿಟಾರಿಸ್ಟ್ ವೆಸ್ ಮಾಂಟ್ಗೊಮೆರಿ ಹಗಲು ದುಡಿದು ರಾತ್ರಿ ಅಭ್ಯಾಸಕ್ಕೆ ಕೂತಾಗ ಅಕ್ಕಪಕ್ಕದವರಿಗೆ ತೊಂದರೆಯಾಗದಿರಲೆಂದು ತಂತಿ ಮೀಟುವ ಪಿಕ್ ಬಿಟ್ಟು ಹೆಬ್ಬೆರಳಿನಲ್ಲೇ ನುಡಿಸತೊಡಗಿದನಂತೆ. ನಾನೂ ಈಗ ರಾತ್ರಿ ಹೊತ್ತು ಹೆಬ್ಬೆರಳೇ. ಫ್ಲ್ಯಾಟ್‌ವೌಂಡ್ ತಂತಿ ಹಾಕಿಸಿದ್ದೇನೆ, ಬೆರಳು ಜಾರುವಾಗಿನ ಕಿರ್ ಸದ್ದು ಹೋಗಿದೆ. ಕುತ್ತಿಗೆಯ ಹತ್ತಿರದ ಪಿಕಪ್ ಹಾಕಿ, ಟೋನ್ ಅರ್ಧಕ್ಕೆ ಇಳಿಸಿ, ರಾಜನ್-ನಾಗೇಂದ್ರರ ಕಾಲದ ಹಾಡುಗಳಿಗೆ ಕಾರ್ಡ್ ಹಿಡಿದರೆ ಒಂದೊಂದು ಸ್ವರವೂ ಹೊಟ್ಟೆ ತುಂಬ ಉಂಡು ಎದ್ದಂತೆ ಬರುತ್ತದೆ. ಮೈ ಹಲಗೆಯ ನಡುಕ ಪಕ್ಕೆಲುಬಿಗೆ ತಾಗುತ್ತದೆ. ಹಳೆಯ ಗಿಟಾರಿನಲ್ಲಿ ಇಷ್ಟು ವರ್ಷ ನುಡಿಸಿಯೂ ನನಗೆ ಇದು ಗೊತ್ತಿರಲಿಲ್ಲ.

ಸ್ಟೇಜ್ ಮೇಲೆ ಮಾತ್ರ ಇದು ತುಂಟ. ಸ್ಪೀಕರಿನ ಸದ್ದು ಟೊಳ್ಳಿಗೆ ನುಗ್ಗಿ ಹಲಗೆ ನಡುಗಿಸುತ್ತದೆ, ಆ ನಡುಕ ಪಿಕಪ್ಪಿಗೆ ಸೇರಿ ಮತ್ತೆ ಸ್ಪೀಕರಿನಿಂದ ಬರುತ್ತದೆ, ಊಳಿಡಲು ಶುರು. ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್‌ನಂಥವನೇ ಎಫ್ ತೂತಿಗೆ ಬಟ್ಟೆ ತುರುಕುತ್ತಿದ್ದ. 1980ರಲ್ಲಿ ಅವನ ಹೆಸರಿನಲ್ಲಿ ಬಂದ ಗಿಬ್ಸನ್ನಿಗೆ ತೂತೇ ಇರಲಿಲ್ಲ. ನಮ್ಮ ಸೌಂಡಿನ ಹುಡುಗ ಅದನ್ನೆಲ್ಲ ಓದಿದವನಲ್ಲ. ಮೊದಲ ಹಾಡಿಗೇ ಗಿಟಾರ್ ಕೂಗಿಕೊಂಡಾಗ ಓಡಿ ಬಂದು ನನ್ನ ಕಡೆಗಿದ್ದ ಮಾನಿಟರ್ ಸ್ಪೀಕರನ್ನು ಪಕ್ಕಕ್ಕೆ ತಿರುಗಿಸಿ, ನನ್ನನ್ನು ಆಂಪಿನಿಂದ ಎರಡು ಹೆಜ್ಜೆ ಆಚೆ ನಿಲ್ಲಿಸಿ, ತಗ್ಗು ಸ್ವರದ (ಬೇಸ್) ಸದ್ದು ಕತ್ತರಿಸಿ, ತನ್ನ ಹೆಗಲ ಮೇಲಿನ ಟವೆಲ್ಲಿನಿಂದ ಎರಡು ಪಟ್ಟಿ ಹರಿದು ತೂತಿಗೆ ತುರುಕಿ ಹೋದ. "ತೂತಿನಿಂದ ಬಟ್ಟೆ ನೇತಾಡ್ತಿತ್ತಲ್ಲ, ಹರಕೆಯಾ?" ಎಂದು ಕೇಳಿದವರಿಗೆ ಇದೇ ಉತ್ತರ. ಟವೆಲ್ ಹೊಸತು ಕೊಡಿಸುತ್ತೇನೆ ಕಣಪ್ಪ.

ಮನೆಯವಳ ಬಗ್ಗೆ ಹೆಚ್ಚು ಬರೆದರೆ ಬೈಯುತ್ತಾಳೆ. ಅಂಗಿಯ ತೋಳು ತೂರಿಸಿದ್ದಕ್ಕೆ, ನನ್ನ ಸಿಡುಕು ನುಂಗಿದ್ದಕ್ಕೆ, ಚೀಟಿ ದುಡ್ಡು ಗಿಟಾರಿಗೆ ಹೋಗುತ್ತದೆ ಎಂದಾಗ ಹುಬ್ಬೇರಿಸಿ ಸುಮ್ಮನಾದದ್ದಕ್ಕೆ, ಇಷ್ಟು ಸಾಕು.

ಕೈ ಇನ್ನೂ ಪೂರ್ತಿ ಮೇಲೇರುವುದಿಲ್ಲ. ಮುಕ್ಕಾಲು ತಾಸಿಗೊಮ್ಮೆ ಕೂರುತ್ತೇನೆ, ಆಗ ಮಿಮಿಕ್ರಿಯವರು ಬರುತ್ತಾರೆ. ಆ ಏರ್ಪಾಡೂ ಗುಂಪಿನದ್ದೇ. ಹಳೆಯ ಗಿಟಾರನ್ನು ಬೇಸ್ ನುಡಿಸುವವನ ಮಗ ಒಯ್ದಿದ್ದಾನೆ, ಅವನ ಭುಜಕ್ಕೆ ಇನ್ನೂ ಹದಿನೆಂಟು. ನವೆಂಬರಿನ ರಾಜ್ಯೋತ್ಸವಕ್ಕೆ ಎರಡು ಕಡೆ ಮಾತಾಗಿದೆ. ರಿಹರ್ಸಲ್ ಭಾನುವಾರ ಸಂಜೆ ಎಂದಿನ ಜಾಗದಲ್ಲೇ, ಬರುವವರು ಬರಬಹುದು. ಚೀಟಿಯ ಕಂತು ಐದನೇ ತಾರೀಖಿಗೆ ತಪ್ಪದೆ ಕಟ್ಟುತ್ತೇನೆ, ಯಾರೂ ಫೋನ್ ಮಾಡಿ ನೆನಪಿಸಬೇಡಿ.