ಡೆಕ್ ಕಟ್ಟಲು ಹೊರಟ ಮಗಳಿಗೆ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಕೊಪ್ಪಳದಲ್ಲಿ ನಾನೂ ನಿಮ್ಮವ್ವನೂ ಕ್ಷೇಮ. ಆನೆಗೊಂದಿ ಮನೆಯ ಹಿತ್ತಲಲ್ಲಿ ಮತ್ತಿ ಕಟ್ಟಿಗೆಯ ಡೆಕ್ (ಹಲಗೆ ಹಾಸಿದ ಜಗಲಿ) ನೀನೇ ಕೈಯಾರೆ ಕಟ್ಟುತ್ತೀ ಅಂತ ಕೇಳಿ ಬಹಳ ಸಂತೋಷವಾಯಿತು. ಸ್ಕ್ರೂ ಹಾಕಲಿಕ್ಕೆ ಯಾವ ಬ್ಯಾಟರಿ ಮಷಿನ್ ತಗೊಳ್ಳಲಿ ಅಂತ ಕೇಳಿದ್ದೀಯಲ್ಲ, ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ರೂಗೆ ಇಂಪ್ಯಾಕ್ಟ್ ಡ್ರೈವರ್ ತಗೋ. ತೂತಿಗೆ ನನ್ನ ಬ್ಯಾಟರಿ ಡ್ರಿಲ್ ಒಯ್ಯಿ. ಎರಡೂ ಕೆಲಸ ಒಂದೇ ಮಷಿನಿಗೆ ಹಚ್ಚಿದರೆ ಗಳಿಗೆಗೊಮ್ಮೆ ಬಿಟ್ ಬದಲಿಸುತ್ತ ಕೂರಬೇಕಾಗುತ್ತದೆ.

ಡ್ರಿಲ್ಲಿನಲ್ಲೂ ಸ್ಕ್ರೂ ಕೂರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮತ್ತಿಯಂಥ ಗಟ್ಟಿ ಕಟ್ಟಿಗೆಯಲ್ಲಿ ಸ್ಕ್ರೂ ಬಿಗಿಯಾದಂತೆ ಮಷಿನ್ ನಿನ್ನ ಮಣಿಕಟ್ಟನ್ನೇ ತಿರುವುತ್ತದೆ. ಸಂಜೆ ಹೊತ್ತಿಗೆ ಕೈ ಎತ್ತಲಿಕ್ಕಾಗುವುದಿಲ್ಲ. ಇಂಪ್ಯಾಕ್ಟ್ ಡ್ರೈವರಿನ ಒಳಗೆ ಸ್ಪ್ರಿಂಗಿನ ಮೇಲೆ ಕೂತ ಒಂದು ಸುತ್ತಿಗೆ ಇರುತ್ತದೆ. ಭಾರ ಬೀಳುವ ತನಕ ಅದು ಸುಮ್ಮನೆ ಜೊತೆಗೆ ತಿರುಗುತ್ತದೆ. ಸ್ಕ್ರೂ ಹಟ ಹಿಡಿದಾಗ ಹಿಂದೆ ಸರಿದು, ತಿರುಗುವ ದಿಕ್ಕಿನಲ್ಲೇ ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತದೆ. ಟಕಟಕ ಸದ್ದು ಅದರದ್ದೇ. ಆ ಪೆಟ್ಟು ಸ್ಕ್ರೂಗೆ ಹೋಗುತ್ತದೆ, ನಿನ್ನ ಕೈಗೆ ಬರುವುದು ಕಡಿಮೆ. ಸದ್ದು ಮಾತ್ರ ಜೋರು, ಕಿವಿಗೆ ಮಫ್ ಇಲ್ಲದೆ ಟ್ರಿಗರ್ ಒತ್ತಬೇಡ.

ಅಂಗಡಿಯವರು 180 ನ್ಯೂಟನ್ ಮೀಟರ್, 200 ನ್ಯೂಟನ್ ಮೀಟರ್ ಅಂತ ಟಾರ್ಕ್, ಅಂದರೆ ತಿರುಚುವ ಬಲ, ಏರಿಸುತ್ತ ಹೋಗುತ್ತಾರೆ. ಡೆಕ್ ಸ್ಕ್ರೂಗೆ 150 ಇದ್ದರೂ ಧಾರಾಳವಾಯಿತು. ಅದಕ್ಕಿಂತ ಮುಖ್ಯವಾಗಿ, ವೇಗದ ಮೂರು ಹಂತ ಇದೆಯಾ, ಕಾರ್ಬನ್ ಬ್ರಷ್ ಸವೆಯುವ ಕಾಟವಿಲ್ಲದ ಬ್ರಷ್‌ಲೆಸ್ ಮೋಟಾರಾ, ಟ್ರಿಗರ್ ಮೆಲ್ಲಗೆ ಒತ್ತಿದರೆ ಮೆಲ್ಲಗೆ ತಿರುಗುತ್ತದಾ, ಇದನ್ನು ಅಲ್ಲೇ ಕೈಯಲ್ಲಿ ಹಿಡಿದು ನೋಡು. 18 ವೋಲ್ಟು, 20 ವೋಲ್ಟ್ ಮ್ಯಾಕ್ಸ್ ಅಂತ ಎರಡು ಬರೆದಿದ್ದರೆ ಗೊಂದಲ ಬೇಡ. ಎರಡರಲ್ಲೂ ಐದೈದು ಸೆಲ್ಲಿನ ಸಾಲೇ ಇರುವುದು, ವೋಲ್ಟೇಜ್ ಒಂದೇ.

ಮಷಿನಿಗಿಂತ ಹೆಚ್ಚು ಯೋಚಿಸಬೇಕಾದದ್ದು ಬ್ಯಾಟರಿ ಬಗ್ಗೆ. ಸಾಮಾನ್ಯವಾಗಿ ಒಂದು ಕಂಪನಿಯದು ಇನ್ನೊಂದಕ್ಕೆ ಕೂಡುವುದಿಲ್ಲ. ಬಾಷ್‌ನಲ್ಲೇ ನೀಲಿ ಮಷಿನಿನ 18 ವೋಲ್ಟ್ ಬ್ಯಾಟರಿ ಹಸಿರಿಗೆ ಬರುವುದಿಲ್ಲ. ಆದ್ದರಿಂದ ನನ್ನ ಡ್ರಿಲ್ಲಿನ ಬ್ಯಾಟರಿ ಯಾವುದಕ್ಕೆ ಕೂಡುತ್ತದೋ ಅದೇ ಡ್ರೈವರಿನ ಬರೀ ಬಾಡಿ (ಬ್ಯಾಟರಿ, ಚಾರ್ಜರ್ ಇಲ್ಲದ್ದು) ತಗೋ, ಉಳಿದ ದುಡ್ಡಿಗೆ ಇನ್ನೊಂದು ಬ್ಯಾಟರಿ ಬರುತ್ತದೆ. ಬಗ್ಗಿ ಮಾಡುವ ಕೆಲಸ, 2 ಆಂಪಿಯರ್-ಅವರ್ (Ah) ಸಾಮರ್ಥ್ಯದ ಹಗುರ ಬ್ಯಾಟರಿ ಎರಡಿದ್ದರೆ ಒಂದು ದುಡಿಯುವಾಗ ಇನ್ನೊಂದು ಚಾರ್ಜಿಗಿರುತ್ತದೆ. ನಮ್ಮ ಕಡೆಯ ಬಿಸಿಲು ನಿನಗೆ ಗೊತ್ತೇ ಇದೆ. ಬ್ಯಾಟರಿಯನ್ನು ಬಂಡೆಯ ಮೇಲೆ ಬಿಸಿಲಿಗೆ ಇಡಬೇಡ. ಕಾದ ಬ್ಯಾಟರಿಯನ್ನು ಒಳ್ಳೆ ಚಾರ್ಜರ್ ಚಾರ್ಜೇ ಮಾಡುವುದಿಲ್ಲ, ತಣಿಯುವ ತನಕ ಕಾಯುತ್ತದೆ. ಮತ್ತೆ ಮತ್ತೆ ಕಾದರೆ ಅದರ ಆಯುಷ್ಯವೂ ಇಳಿಯುತ್ತದೆ.

ಸ್ಕ್ರೂ 304 ದರ್ಜೆಯ ಸ್ಟೇನ್‌ಲೆಸ್ ಇರಲಿ. 316 ಸಮುದ್ರದ ದಂಡೆಯವರಿಗೆ ಬೇಕು, ನಮಗೆ ಬೇಡ. ಜಿಪ್ಸಂ ಹಲಗೆಗೆ ಹಾಕುವ ಕರಿ ಸ್ಕ್ರೂ ಅಗ್ಗ ಅಂತ ಮುಟ್ಟಲೇಬೇಡ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಪ್ಲಸ್ ತಲೆಯದೂ ಬೇಡ, ಬಿಟ್ ಜಾರಿ ತಲೆ ಸವೆಯುತ್ತದೆ. ತಲೆಯಲ್ಲಿ ನಕ್ಷತ್ರದಂಥ ಕುಳಿಯಿರುವ ಟಾರ್ಕ್ಸ್ ಟಿ25 ಕೇಳು. ಹಲಗೆ 25 ಮಿ.ಮೀ. ಇರುವುದರಿಂದ 60 ಮಿ.ಮೀ. ಉದ್ದ ಸರಿಯಾಗುತ್ತದೆ.

ಸ್ಟೇನ್‌ಲೆಸ್ ಮೆತ್ತಗಿನ ಲೋಹ. ಮತ್ತಿಯಲ್ಲಿ ತೂತಿಲ್ಲದೆ ಇಂಪ್ಯಾಕ್ಟ್ ಹಚ್ಚಿದರೆ ತಲೆ ಕಟ್ ಅಂತ ಮುರಿದು ದಂಟು ಒಳಗೇ ಉಳಿಯುತ್ತದೆ. 5 ಮಿ.ಮೀ. ಸ್ಕ್ರೂ ಆದರೆ ಮೊದಲು ಡ್ರಿಲ್ಲಿನಲ್ಲಿ 3.5 ಮಿ.ಮೀ. ತೂತು ಹೊಡೆ, ಹಲಗೆಯ ತುದಿಯಲ್ಲಂತೂ ಬಿಡದೆ ಹೊಡೆ. ಆಮೇಲೆ ಡ್ರೈವರನ್ನು ನೆಟ್ಟಗೆ ಹಿಡಿದು, ಮೇಲಿಂದ ಭಾರ ಕೊಟ್ಟು, ಕಡಿಮೆ ವೇಗದಲ್ಲಿ ಒಯ್ಯಿ. ಸ್ಕ್ರೂ ತಲೆ ಇನ್ನೂ ಒಂದು ಜೋಳದ ಕಾಳಿನಷ್ಟು ಮೇಲಿರುವಾಗಲೇ ಬೆರಳು ಸಡಿಲಿಸು. ಉಳಿದದ್ದನ್ನು ತಡೆ ತಡೆದು ಒತ್ತಿ ಹಲಗೆಯ ಮಟ್ಟಕ್ಕೆ ತಂದು ಬಿಡು. ತಲೆ ಒಳಗೆ ಮುಳುಗಿದರೆ ಆ ಕುಳಿಯಲ್ಲಿ ನೀರು ನಿಂತು ಕಟ್ಟಿಗೆ ಕೊಳೆಯಲು ಅಲ್ಲಿಂದಲೇ ಶುರು.

ಹಲಗೆ ಹಲಗೆಯ ನಡುವೆ 5 ಮಿ.ಮೀ. ಸಂದು ಬಿಡುವುದು ಮರೆಯಬೇಡ. ಬೇಸಿಗೆಯಲ್ಲಿ ಒಣಗಿದ ಕಟ್ಟಿಗೆ ಮಳೆಗೆ ಉಬ್ಬುತ್ತದೆ.

ಗಂಗಾವತಿಯಲ್ಲಿ ತಗೊಳ್ಳುವುದಾದರೆ ಬಿಲ್ಲಿನಲ್ಲಿ ಮಷಿನಿನ ಸೀರಿಯಲ್ ನಂಬರ್ ಬರೆಸಿಕೋ, ವಾರಂಟಿಗೆ ಬೇಕಾಗುತ್ತದೆ. ಡ್ರಿಲ್ಲು, ಕಣ್ಣಿಗೆ ಹಾಕುವ ಕನ್ನಡಕ ಎರಡನ್ನೂ ನಿಮ್ಮವ್ವ ಒಂದೇ ಚೀಲದಲ್ಲಿ ಕಟ್ಟಿಟ್ಟಿದ್ದಾಳೆ. ಭಾನುವಾರ ಬಂದು ಒಯ್ಯಿ.

ನಿನ್ನ ಅಪ್ಪ